ಡಾರ್ವಿನ್ ಕಂಡ ಕಳ್ಳಿಮರ

ಮಕ್ಕಳೇ, ಬೇಲಿಯ ಪಾಪಸುಕಳ್ಳಿಯನ್ನು ನೀವು ನೋಡಿದ್ದೀರಲ್ಲವೇ? ಅದರ ಬಂಧುಗಳು ಮರದಂತೆ ಬೆಳೆಯುವ ದ್ವೀಪಗಳಿವೆ. ಅವೇ ಗಲಪಗೋಸ್ ದ್ವೀಪಗಳು. ಚಾರ್ಲ್ಸ್ ಡಾರ್ವಿನ್ ಅಲ್ಲಿಗೆ ಹೋಗಿದ್ದರು.

ಡಾರ್ವಿನ್ 1809ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ಮಗ ವೈದ್ಯನಾಗಲೆಂದು ತಂದೆ ಬಯಸಿದ್ದರು. ಮಗನಿಗೋ ಗಿಡ, ಕೀಟಗಳಲ್ಲೇ ಆಸಕ್ತಿ. ಬೀಗಲ್ ಹಡಗಿನಿಂದ ಕರೆ ಬಂದಾಗ ತಂದೆ ಬೇಡವೆಂದರು. ಸೋದರಮಾವ ಅವರನ್ನು ಒಪ್ಪಿಸಿದರು. 1831ರಲ್ಲಿ ಪ್ರಯಾಣ ಆರಂಭವಾಯಿತು.

1835ರಲ್ಲಿ ಆ ದ್ವೀಪಗಳಲ್ಲಿ ದೊಡ್ಡ ಆಮೆಯೊಂದು ಕಳ್ಳಿಯನ್ನು ತಿನ್ನುವುದನ್ನು ಡಾರ್ವಿನ್ ಕಂಡರು. ಕಳ್ಳಿಯನ್ನೂ ಸಂಗ್ರಹಿಸಿ ತಂದರು. ಅವರ ಗುರು ಹೆನ್ಸ್ಲೊ 1837ರಲ್ಲಿ ಅದಕ್ಕೆ ದ್ವೀಪಗಳ ಹೆಸರನ್ನೇ ಇಟ್ಟರು. ಅಲ್ಲಿನ ಲಾವಾ ಬಂಡೆಗಳ ಮೇಲೆ ಬೆಳೆಯುವ ಲಾವಾ ಕಳ್ಳಿ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

ಒಂದೊಂದು ದ್ವೀಪದ ಜೀವಿಗಳು ಒಂದೊಂದು ಬಗೆ ಏಕೆ? ಡಾರ್ವಿನ್ ಹಲವು ವರ್ಷ ಯೋಚಿಸಿದರು. 1859ರಲ್ಲಿ ಜೀವವಿಕಾಸದ ಗ್ರಂಥವನ್ನು ಪ್ರಕಟಿಸಿದರು. 1882ರಲ್ಲಿ ನಿಧನರಾದರು.

ನೀವೂ ಗಿಡಗಳನ್ನು ಗಮನಿಸಿ. ಏಕೆ ಎಂದು ಕೇಳಿ.