ಅಂಗಳಕ್ಕೆ ಬಂದ ಶಾಲೆ: ಅನುತಾಯಿ ವಾಘ್

ನಾವು ಸಾಸವಡದಲ್ಲಿ ಮನೆ ಮಾಡಿದ ಮೇಲೆ, ಊರಿನಿಂದ ಯಾರೇ ಬಂದರೂ ಜೇಜುರಿ ದಾರಿಯಾಗಿ ಮೋರಗಾಂವ್ ಗಣಪತಿಯ ದರ್ಶನಕ್ಕೆ ಕರೆದುಕೊಂಡು ಹೋಗುವುದು ರೂಢಿಯಾಗಿದೆ. ಅಷ್ಟವಿನಾಯಕರಲ್ಲಿ ಮೊದಲನೆಯವನ ಆ ಊರಿನಲ್ಲೇ 1910ರ ಮಾರ್ಚ್ 17ರಂದು ಅನುತಾಯಿ ವಾಘ್ ಹುಟ್ಟಿದರೆಂದು ನನಗೆ ಗೊತ್ತಾಗಿದ್ದು ತೀರಾ ಇತ್ತೀಚೆಗೆ. ಅದಕ್ಕೆ ಕಾರಣ ನನ್ನ ಮೂರೂವರೆ ವರ್ಷದ ಮಗಳು.

ಅವಳಿಗೆ ವಸ್ತುಗಳನ್ನು ಬಣ್ಣ, ಆಕಾರದ ಪ್ರಕಾರ ಬೇರ್ಪಡಿಸಲು ಬರುವುದಿಲ್ಲ ಎಂದು ಪ್ಲೇಸ್ಕೂಲಿನ ಡೈರಿಯಲ್ಲಿ ಬರೆದು ಕಳಿಸಿದ್ದರು. ಎಂಟೆಕ್ ಮಾಡಿ, ದಿನವಿಡೀ ಡೇಟಾ ವರ್ಗೀಕರಿಸುವ ಪ್ರೋಗ್ರಾಂ ಬರೆಯುವವಳು ನಾನು. ನನ್ನ ಮಗಳಿಗೇ ಹೀಗಾಯಿತಲ್ಲ ಎಂದು ಕರುಳು ಚುರ್ ಎಂದಿತು. ಕೆಲಸದ ಗಡಿಬಿಡಿಯಲ್ಲಿ ನಾನೇ ಅವಳನ್ನು ಕಡೆಗಣಿಸಿದೆನೇನೋ ಅನಿಸಿತು. ಆನ್‌ಲೈನಿನಲ್ಲಿ ದುಬಾರಿಯ ಮರದ ಆಟಿಕೆಗಳನ್ನು ತರಿಸಿ ದಿನಾ ರಾತ್ರಿ ಕೂರಿಸಿಕೊಂಡೆ. ಅವಳು ಅಳತೊಡಗಿದಳು. ಬೇರೆ ದಾರಿ ಹುಡುಕುತ್ತ ಓದುವಾಗ ಸಿಕ್ಕಿದ್ದು ಅನುತಾಯಿಯ ಬದುಕು.

ಹದಿಮೂರನೆಯ ವಯಸ್ಸಿಗೆ ಅವರ ಮದುವೆಯಾಯಿತು. ಆರು ತಿಂಗಳೊಳಗೆ ಗಂಡ ತೀರಿಕೊಂಡರು. ಅಂಥ ಹುಡುಗಿಯರನ್ನು ಮನೆಯ ಒಂದು ಮೂಲೆಗೆ ವಿಂಗಡಿಸಿ ಇಟ್ಟುಬಿಡುತ್ತಿದ್ದ ಕಾಲ ಅದು. ಅನುತಾಯಿ ಆ ಮೂಲೆಯಲ್ಲಿ ಕೂರಲಿಲ್ಲ. ಓದು ಮುಂದುವರಿಸಿ ಶಿಕ್ಷಕಿಯಾದರು. ಪುಣೆಯ ಹೆಸರಾಂತ ಹುಜೂರ್‌ಪಾಗಾ ಶಾಲೆಯಲ್ಲಿ ಪಾಠ ಮಾಡಿದರು. ದುಡಿಯುತ್ತಲೇ ರಾತ್ರಿ ಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿದರು. ಎಷ್ಟೋ ವರ್ಷಗಳ ನಂತರ ಪದವಿಯನ್ನೂ ಪಡೆದರು.

1945ರಲ್ಲಿ ಒಂದು ಶಿಬಿರದಲ್ಲಿ ಅವರಿಗೆ ತಾರಾಬಾಯಿ ಮೋಡಕರ ಪರಿಚಯವಾಯಿತು. ತಾರಾಬಾಯಿ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಜೊತೆ ಮಾಂಟೆಸರಿ ಪದ್ಧತಿಯ ಬಾಲಶಿಕ್ಷಣದಲ್ಲಿ ಕೆಲಸ ಮಾಡಿದ್ದವರು. ಪಟ್ಟಣದ ಮಕ್ಕಳಿಗೆ ಸಿಗುತ್ತಿದ್ದ ಆ ಶಿಕ್ಷಣ ಹಳ್ಳಿಗೂ ತಲುಪಬೇಕೆಂಬುದು ಅವರ ಹಂಬಲ. ಅನುತಾಯಿ ಪುಣೆಯ ಕೆಲಸ ಬಿಟ್ಟು, ಅವರೊಂದಿಗೆ ಸಮುದ್ರತೀರದ ಬೋರ್ಡಿ ಗ್ರಾಮಕ್ಕೆ ಹೋದರು. ಮುಂದೆ 1950ರ ದಶಕದಲ್ಲಿ ಇಬ್ಬರೂ ಡಹಾಣೂ ತಾಲ್ಲೂಕಿನ ಕೋಸಬಾಡ ಗುಡ್ಡಕ್ಕೆ, ವಾರ್ಲಿ ಆದಿವಾಸಿ ಮಕ್ಕಳ ನಡುವೆ ಬಂದರು.

ಅಲ್ಲಿ ಮಕ್ಕಳೇ ಶಾಲೆಗೆ ಬರುತ್ತಿರಲಿಲ್ಲ. ಅಪ್ಪ ಅಮ್ಮ ಕೂಲಿಗೆ ಹೋದರೆ ಅಕ್ಕ ಪುಟ್ಟ ಮಗುವನ್ನು ನೋಡಿಕೊಳ್ಳಬೇಕು, ಅಣ್ಣ ದನ ಮೇಯಿಸಬೇಕು. ಈ ಮಕ್ಕಳಿಗೆ ಓದು ಬೇಡ ಎಂದು ಇಬ್ಬರೂ ಕೈಬಿಡಲಿಲ್ಲ. ಶಾಲೆಯನ್ನೇ ಅವರ ಕೇರಿಯ ಅಂಗಳಕ್ಕೆ ಒಯ್ದರು. ಅದೇ ಅಂಗನವಾಡಿ. ದನಗಾಹಿ ಮಕ್ಕಳಿಗೆ ಹುಲ್ಲುಗಾವಲಿನಲ್ಲೇ ಪಾಠ. ಕೋಸಬಾಡದಲ್ಲಿ ಶಿಶುಪಾಲನೆ, ಬಾಲವಾಡಿ, ಪ್ರಾಥಮಿಕ ಶಾಲೆ ಎಲ್ಲವನ್ನೂ ಒಂದೇ ಕಡೆ ನಡೆಸಿದರು. ತಂಗಿಯನ್ನು ಎತ್ತಿಕೊಂಡೇ ಅಕ್ಕ ಶಾಲೆಗೆ ಬರಬಹುದಿತ್ತು.

ಮಾಂಟೆಸರಿ ಸಾಮಗ್ರಿ ದುಬಾರಿ. ಅವರು ಸುತ್ತ ಸಿಗುವುದನ್ನೇ ಪಾಠದ ಸಾಮಗ್ರಿ ಮಾಡಿಕೊಂಡರು: ಚಿಪ್ಪು, ಬೆಣಚುಕಲ್ಲು, ಎಲೆ, ಬೀಜ, ಕಡ್ಡಿ. ಒಂದೇ ರೀತಿಯವನ್ನು ಜೋಡಿಸುವುದು, ಗುಂಪು ಮಾಡುವುದು, ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಡುವುದು. ಗಣಿತ ಶುರುವಾಗುವುದೇ ಇಲ್ಲಿಂದ. ಇವೆರಡೂ ಒಂದೇ ಜಾತಿಯವು ಎಂದು ಮೊದಲು ಗೊತ್ತಾಗಬೇಕು, ಆಮೇಲಲ್ಲವೇ ಎಣಿಕೆ!

1973ರಲ್ಲಿ ತಾರಾಬಾಯಿ ತೀರಿಕೊಂಡ ಮೇಲೆ ಸಂಸ್ಥೆಯ ಹೊಣೆ ಹೊತ್ತವರು ಅನುತಾಯಿ. 1975ರಲ್ಲಿ ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ತಂದಾಗ ಅಂಗನವಾಡಿ ಎಂಬ ಹೆಸರು ದೇಶದ ಊರೂರಿಗೂ ಹೋಯಿತು. 1985ರಲ್ಲಿ ಅನುತಾಯಿಗೆ ಪದ್ಮಶ್ರೀ ಬಂತು. 1992ರ ಸೆಪ್ಟೆಂಬರ್‌ನಲ್ಲಿ ಅವರು ನಿಧನರಾದರು.

ಇದನ್ನೆಲ್ಲ ಓದಿದ ಮೇಲೆ ಮರದ ಸೆಟ್ಟನ್ನು ಅಟ್ಟದ ಮೇಲಿಟ್ಟೆ. ಒಂದು ಭಾನುವಾರ ಒಗೆದ ಬಟ್ಟೆಯ ರಾಶಿಯ ಮುಂದೆ ಮಗಳನ್ನು ಕೂರಿಸಿಕೊಂಡೆ. ಅಪ್ಪನ ಕಾಲುಚೀಲ, ನನ್ನ ದುಪಟ್ಟಾ, ತನ್ನ ಫ್ರಾಕು ಎಲ್ಲವನ್ನೂ ಒಂದೇ ಗುಂಪಿಗೆ ಹಾಕಿದಳು. ತಪ್ಪು ಎನ್ನಲು ಬಾಯಿ ತೆರೆದವಳು ತಡೆದು, ಯಾಕೆ ಹೀಗೆ ಮಾಡಿದೆ ಪುಟ್ಟಾ ಎಂದು ಕೇಳಿದೆ. ಇವು ಇನ್ನೂ ಒದ್ದೆ ಅಮ್ಮಾ, ಅವು ಒಣಗಿವೆ ಎಂದಳು. ಮುಟ್ಟಿ ನೋಡಿದೆ. ಒಂದೂ ತಪ್ಪಿರಲಿಲ್ಲ. ಅವಳಿಗೆ ವಿಂಗಡಿಸಲು ಚೆನ್ನಾಗಿಯೇ ಬರುತ್ತಿತ್ತು. ನಾವು ಕೇಳಿದ ಪ್ರಶ್ನೆ ಬೇರೆ, ಅವಳು ಬಿಡಿಸುತ್ತಿದ್ದ ಲೆಕ್ಕ ಬೇರೆ.

ಸಖಿಯರೇ, ನಿಮ್ಮ ಮನೆಯಲ್ಲೂ ಚಮಚ, ಗುಂಡಿ, ಸೀತಾಫಲದ ಬೀಜ, ಹುಣಸೆಬೀಜ ಇದ್ದೇ ಇರುತ್ತವೆ. ತೀರಾ ಚಿಕ್ಕವರು ಬಾಯಿಗೆ ಹಾಕಿಕೊಳ್ಳದಂತೆ ಪಕ್ಕದಲ್ಲೇ ಕೂತಿರಿ. ಮಗು ಗುಂಪು ಮಾಡಿದ ಮೇಲೆ ತಿದ್ದುವ ಮೊದಲು ಒಮ್ಮೆ ಯಾಕೆಂದು ಕೇಳಿ.

ಮೊನ್ನೆ ಮತ್ತೆ ಮೋರಗಾಂವ್‌ಗೆ ಹೋಗಿದ್ದೆವು. ಮಗಳು ದೇವಸ್ಥಾನದ ಹೊರಗೆ ಚಪ್ಪಲಿಗಳನ್ನು ಜೋಡಿ ಮಾಡುತ್ತ ಕೂತಳು. ಈ ಸಲ ನಾನು ಅವಸರ ಮಾಡಲಿಲ್ಲ.