ತಾತ್ಸಿಯೊ ನುವೊಲಾರಿ

ತಾತ್ಸಿಯೊ ನುವೊಲಾರಿ (16 ನವೆಂಬರ್ 1892 – 11 ಆಗಸ್ಟ್ 1953) ಇಟಲಿಯ ಪ್ರಸಿದ್ಧ ಮೋಟಾರು ಪಂದ್ಯ ಚಾಲಕರು. 1935ರ ಜರ್ಮನ್ ಗ್ರ್ಯಾಂಡ್ ಪ್ರಿ ಪಂದ್ಯದಲ್ಲಿ ಅವರು ಪಡೆದ ಗೆಲುವನ್ನು ಈ ಕ್ರೀಡೆಯ ಅತಿ ದೊಡ್ಡ ಸಾಧನೆಗಳಲ್ಲಿ ಒಂದೆಂದು ಪರಿಗಣಿಸಲಾಗುತ್ತದೆ.

ಆರಂಭಿಕ ಜೀವನ

ಮಾಂಟುವಾ ನಗರದ ಸಮೀಪದ ಕಾಸ್ಟೆಲ್ ದಾರಿಯೊದಲ್ಲಿ ಜನಿಸಿದರು. ತಂದೆ ಹಾಗೂ ಚಿಕ್ಕಪ್ಪ ಇಬ್ಬರೂ ಸೈಕಲ್ ಪಂದ್ಯಗಾರರು. ಮೊದಲನೆಯ ಮಹಾಯುದ್ಧದಲ್ಲಿ ನುವೊಲಾರಿ ಸೇನಾ ವಾಹನಗಳ ಚಾಲಕರಾಗಿದ್ದರು. 1920ರಲ್ಲಿ ಮೋಟಾರ್‌ಸೈಕಲ್ ಪಂದ್ಯಗಳಿಗೆ ಇಳಿದು, 1925ರಲ್ಲಿ 350 ಸಿ.ಸಿ. ವರ್ಗದ ಯುರೋಪಿಯನ್ ಚಾಂಪಿಯನ್ ಆದರು. ಮುಂದೆ ಕಾರುಗಳಲ್ಲಿ ಮಿಲ್ಲೆ ಮಿಲಿಯಾ (1930, 1933), ಟಾರ್ಗಾ ಫ್ಲೋರಿಯೊ (1931, 1932), ಮೊನಾಕೊ ಗ್ರ್ಯಾಂಡ್ ಪ್ರಿ (1932) ಹಾಗೂ ಲೆ ಮಾನ್ (1933) ಪಂದ್ಯಗಳನ್ನು ಗೆದ್ದರು.

1935ರ ಜರ್ಮನ್ ಗ್ರ್ಯಾಂಡ್ ಪ್ರಿ

ಈ ಪಂದ್ಯವು ಜುಲೈ 28ರಂದು ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ನಡೆಯಿತು. ಐಫೆಲ್ ಬೆಟ್ಟಗಳ ಏರಿಳಿತಗಳ ನಡುವೆ ಸಾಗುವ ಈ ಪಥದ ಒಂದು ಸುತ್ತು ಸುಮಾರು 22.8 ಕಿ.ಮೀ.; ಅಂಥ 22 ಸುತ್ತುಗಳನ್ನು ಪೂರೈಸಬೇಕಿತ್ತು. ನಾಜಿ ಸರ್ಕಾರದ ಬೆಂಬಲವಿದ್ದ ಮರ್ಸಿಡಿಸ್ ಮತ್ತು ಆಟೋ ಯೂನಿಯನ್ ಸಂಸ್ಥೆಗಳ 9 ಕಾರುಗಳು ಕಣದಲ್ಲಿದ್ದವು. 42 ವರ್ಷದ ನುವೊಲಾರಿಯವರ ಆಲ್ಫಾ ರೋಮಿಯೊ ಪಿ3 ಹಳೆಯ ಮಾದರಿಯದು, ಶಕ್ತಿಯಲ್ಲಿ ಅವುಗಳಿಗೆ ಸಾಟಿಯೇ ಅಲ್ಲ.

ಮಳೆಯಿಂದ ತೊಯ್ದ ರಸ್ತೆ ಈ ಅಂತರವನ್ನು ತುಸು ತಗ್ಗಿಸಿತು. ತಿರುವುಗಳಲ್ಲಿ ಒಬ್ಬೊಬ್ಬರನ್ನೇ ಹಿಂದಿಕ್ಕಿ ನುವೊಲಾರಿ ಹತ್ತನೆಯ ಸುತ್ತಿನಲ್ಲಿ ಮುನ್ನಡೆ ಪಡೆದರು. ಆದರೆ ಇಂಧನಕ್ಕಾಗಿ ನಿಂತಾಗ ಪಂಪು ಕೆಟ್ಟು, ಡಬ್ಬಿಗಳಿಂದ ಇಂಧನ ಸುರಿಯಬೇಕಾಯಿತು. ಇದಕ್ಕೆ ತಗುಲಿದ ಕಾಲ 2 ನಿಮಿಷ 14 ಸೆಕೆಂಡು. ಅಷ್ಟರಲ್ಲಿ ಅವರು ಬಹಳ ಹಿಂದೆ ಬಿದ್ದಿದ್ದರು. ಮತ್ತೆ ಒಂದೊಂದೇ ಸ್ಥಾನ ಮೇಲೇರಿ, ಕೊನೆಯ ಸುತ್ತಿನ ಹೊತ್ತಿಗೆ ಎರಡನೆಯ ಸ್ಥಾನಕ್ಕೆ ಬಂದರು. ಮುಂದಿದ್ದ ಮರ್ಸಿಡಿಸ್ ಚಾಲಕ ಮ್ಯಾನ್‌ಫ್ರೆಡ್ ಫಾನ್ ಬ್ರೌಖಿಚ್ ತಮ್ಮ ಟೈರುಗಳನ್ನು ಮಿತಿಮೀರಿ ಸವೆಸಿದ್ದರು. ಗುರಿಗೆ ಕೆಲವೇ ಕಿಲೋಮೀಟರು ಇರುವಾಗ ಹಿಂದಿನ ಟೈರು ಸಿಡಿಯಿತು. ಇದನ್ನು ಕೇವಲ ಅದೃಷ್ಟವೆನ್ನಲಾಗದು: ಬೆನ್ನಟ್ಟಿ ಬಂದ ನುವೊಲಾರಿಯವರ ಒತ್ತಡದಿಂದಾಗಿಯೇ ಬ್ರೌಖಿಚ್ ವೇಗ ತಗ್ಗಿಸಲಾಗಲಿಲ್ಲ, ಟೈರು ಬದಲಿಸಲು ನಿಲ್ಲಲೂ ಆಗಲಿಲ್ಲ. ತವರಿನ ಗೆಲುವನ್ನು ನಿರೀಕ್ಷಿಸಿ ನೆರೆದಿದ್ದ ಅಪಾರ ಜನಸ್ತೋಮದ ಮುಂದೆ ನುವೊಲಾರಿ ಗೆದ್ದರು. ಎರಡರಿಂದ ಐದನೆಯವರೆಗಿನ ಸ್ಥಾನಗಳೆಲ್ಲ ಜರ್ಮನ್ ಕಾರುಗಳ ಪಾಲಾದವು.

ಕೊನೆಯ ವರ್ಷಗಳು

1938ರಲ್ಲಿ ನುವೊಲಾರಿ ತಾವು ಸೋಲಿಸಿದ್ದ ಆಟೋ ಯೂನಿಯನ್ ತಂಡವನ್ನೇ ಸೇರಿ ಇಟಾಲಿಯನ್ ಮತ್ತು ಡೋನಿಂಗ್‌ಟನ್ ಗ್ರ್ಯಾಂಡ್ ಪ್ರಿಗಳನ್ನು ಗೆದ್ದರು. ಖಾಸಗಿ ಜೀವನ ದುಃಖಮಯವಾಗಿತ್ತು. ಹಿರಿಯ ಮಗ ಜಾರ್ಜಿಯೊ 1937ರಲ್ಲಿ, ಕಿರಿಯ ಮಗ ಆಲ್ಬರ್ಟೊ 1946ರಲ್ಲಿ ಕಾಯಿಲೆಯಿಂದ ತೀರಿಕೊಂಡರು. ಇಬ್ಬರಿಗೂ ಆಗ 18 ವರ್ಷ. ಶ್ವಾಸಕೋಶದ ತೊಂದರೆಯಿಂದ ಬಳಲುತ್ತಿದ್ದರೂ ನುವೊಲಾರಿ ಚಾಲನೆಯನ್ನು ಬಿಡಲಿಲ್ಲ. 1947ರ ಮಿಲ್ಲೆ ಮಿಲಿಯಾದಲ್ಲಿ ಪುಟ್ಟ ಚಿಸಿಟಾಲಿಯಾ ಕಾರಿನಲ್ಲಿ ಎರಡನೆಯವರಾದರು. 1950ರ ಏಪ್ರಿಲ್‌ನಲ್ಲಿ ಪಲೆರ್ಮೊ ಬಳಿಯ ಮಾಂಟೆ ಪೆಲ್ಲೆಗ್ರಿನೊ ಬೆಟ್ಟದ ಪಂದ್ಯದಲ್ಲಿ ಕೊನೆಯ ಬಾರಿ ಸ್ಪರ್ಧಿಸಿ ತಮ್ಮ ವರ್ಗದಲ್ಲಿ ಮೊದಲಿಗರಾದರು. ಮೂರು ವರ್ಷಗಳ ನಂತರ ಪಾರ್ಶ್ವವಾಯುವಿನಿಂದ ಮಾಂಟುವಾದಲ್ಲಿ ನಿಧನರಾದರು.