ವಿವಾಹಬಂಧನದ ಕಾವಲುಗಾರ: ಹದಿನಾಲ್ಕನೆಯ ಬೆನೆಡಿಕ್ಟರು

ತಮ್ಮ ವಿವಾಹವು ಅಸಿಂಧುವೆಂದು ಘೋಷಿಸುವಂತೆ ಕೋರಿ ಧರ್ಮಸಭೆಯ ನ್ಯಾಯಪೀಠಕ್ಕೆ ಹೋಗುವವರಲ್ಲಿ ಕೆಲವರು ಕದ್ದ ಪತ್ರವನ್ನೋ ಗುಟ್ಟಾಗಿ ಧ್ವನಿಮುದ್ರಿಸಿದ ಮಾತನ್ನೋ ಒಯ್ಯಬಹುದು. ಅದು ಸಾಕ್ಷ್ಯವಾಗಿ ಸಲ್ಲುವುದೇ? ಈ ಪ್ರಶ್ನೆ ಎದುರಾದಾಗ ನಾವು ಸ್ಮರಿಸಬೇಕಾದವರು ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರು.

ಪ್ರೊಸ್ಪೆರೊ ಲ್ಯಾಂಬರ್ತೀನಿ ಎಂಬುದು ಅವರ ಜನ್ಮನಾಮ. 1675ರ ಮಾರ್ಚ್ 31ರಂದು ಇಟಲಿಯ ಬೊಲೋನ್ಯದಲ್ಲಿ ಜನಿಸಿದರು. ಧರ್ಮಸಭೆಯ ಕಾನೂನಿನಲ್ಲಿ ಪಾರಂಗತರಾದ ಅವರು 1708ರಿಂದ ಹಲವು ವರ್ಷ, ಸಂತಪದವಿಗೆ ಸೂಚಿತರಾದವರ ಪರವಾದ ಸಾಕ್ಷ್ಯಗಳನ್ನು ಒರೆಗೆ ಹಚ್ಚಿ ಆಕ್ಷೇಪವೆತ್ತುವ ಹೊಣೆ ಹೊತ್ತಿದ್ದರು. 1731ರಲ್ಲಿ ತವರೂರಿನ ಮಹಾಧರ್ಮಾಧ್ಯಕ್ಷರಾದರು. ಆರು ತಿಂಗಳು ನಡೆದ ಸಭೆಯ ನಂತರ 1740ರ ಆಗಸ್ಟ್ 17ರಂದು ಜಗದ್ಗುರುಗಳಾಗಿ ಆಯ್ಕೆಯಾದರು.

ಆಗ ಹಲವೆಡೆ ವಿವಾಹಗಳು ಅವಸರದಲ್ಲಿ ಅಸಿಂಧುವಾಗುತ್ತಿದ್ದವು. ದಂಪತಿಗಳು ಒಳಒಪ್ಪಂದ ಮಾಡಿಕೊಂಡರೆ ಬಂಧನದ ಪರವಾಗಿ ನುಡಿಯಲು ಯಾರೂ ಇರುತ್ತಿರಲಿಲ್ಲ. 1741ರ ನವೆಂಬರ್ 3ರ 'ದೇಯಿ ಮಿಸೆರಾತ್ಸಿಯೋನೆ' ಆಜ್ಞಾಪತ್ರದಿಂದ ಅವರು ಪ್ರತಿ ಧರ್ಮಕ್ಷೇತ್ರದಲ್ಲೂ ವಿವಾಹಬಂಧನದ ರಕ್ಷಕನನ್ನು ನೇಮಿಸುವಂತೆ ವಿಧಿಸಿದರು. ಎರಡು ಸಹಮತದ ತೀರ್ಪುಗಳಿಲ್ಲದೆ ಮರುವಿವಾಹ ಸಲ್ಲದೆಂದರು. 1744ರಲ್ಲಿ ಮೈಸೂರು, ಕರ್ನಾಟಿಕ್ ಮತ್ತು ಮಧುರೆಯ ಮಿಷನ್‌ಗಳ ಆಚರಣೆಗಳ ಕುರಿತೂ ಅವರು ನಿರ್ಣಯ ನೀಡಿದರು. 1758ರ ಮೇ 3ರಂದು ದೈವಾಧೀನರಾದರು.

ಎರಡನೆಯ ತೀರ್ಪಿನ ಕಡ್ಡಾಯವನ್ನು 2015ರಲ್ಲಿ ಜಗದ್ಗುರು ಫ್ರಾನ್ಸಿಸರು ತೆಗೆದುಹಾಕಿದರು. ಬಂಧನದ ರಕ್ಷಕನ ಸ್ಥಾನ ಮಾತ್ರ ಉಳಿದಿದೆ. 1983ರ ಧರ್ಮಸಭಾ ಸಂಹಿತೆಯ 1527ನೆಯ ವಿಧಿಯಂತೆ ಸಾಕ್ಷ್ಯವು ಉಪಯುಕ್ತವಾಗಿದ್ದರಷ್ಟೇ ಸಾಲದು, ನ್ಯಾಯಸಮ್ಮತವೂ ಆಗಿರಬೇಕು. ಕದ್ದು ತಂದದ್ದು ನಿಜವೇ ಆಗಿದ್ದರೂ ಅದನ್ನು ಸ್ವೀಕರಿಸಬೇಕೇ ಎಂಬುದನ್ನು ನ್ಯಾಯಾಧೀಶರು ತೂಗಿ ನೋಡಬೇಕು. ಪಾಪನಿವೇದನೆಯ ಸಂದರ್ಭದಲ್ಲಿ ಕಿವಿಗೆ ಬಿದ್ದದ್ದಂತೂ, ಯಾರು ಹೇಗೆ ಕೇಳಿಸಿಕೊಂಡಿದ್ದರೂ, ಸತ್ಯದ ಸುಳಿವಾಗಿಯೂ ಸಲ್ಲದು.

ನಮ್ಮ ಸರ್ವೋಚ್ಚ ನ್ಯಾಯಾಲಯವು 2025ರ ಜುಲೈನಲ್ಲಿ, ಪತಿ-ಪತ್ನಿಯರ ನಡುವಿನ ಗುಪ್ತ ಧ್ವನಿಮುದ್ರಣವನ್ನು ವೈವಾಹಿಕ ಮೊಕದ್ದಮೆಗಳಲ್ಲಿ ಪರಿಗಣಿಸಬಹುದೆಂದು ತೀರ್ಪಿತ್ತಿದೆ. ಅದು ದೇಶದ ಕಾನೂನು. ಧರ್ಮಸಭೆಯ ನ್ಯಾಯಪೀಠಕ್ಕೆ ತನ್ನದೇ ಸಂಹಿತೆಯಿದೆ. ಬೀಳಗಿ ತಾಲ್ಲೂಕಿನ ಅನಗವಾಡಿಯಂತಹ ಊರಿನಲ್ಲಿರಲಿ, ಮಹಾನಗರದಲ್ಲಿರಲಿ, ಇಂತಹ ಸಂಕಟಕ್ಕೆ ಸಿಲುಕಿದ ಕುಟುಂಬವು ಸಂಗಾತಿಯ ಫೋನನ್ನು ತಡಕುವ ಮೊದಲು ಧರ್ಮಕೇಂದ್ರದ ಗುರುಗಳ ಬಳಿ ಹೋಗುವುದು ಲೇಸು. ಎದುರು ನಿಂತವರಿಗೂ ಮಾನವಿದೆ, ಮಕ್ಕಳಿಗೆ ಅವರು ಇನ್ನೂ ತಂದೆ ಅಥವಾ ತಾಯಿಯೇ. ಸತ್ಯವನ್ನು ಅರಸಿ ಹೊರಟವರು ಸತ್ಯದ ದಾರಿಯಲ್ಲೇ ನಡೆಯಬೇಕೆಂಬುದನ್ನು ನಾವು ಮರೆಯದಿರೋಣ.